ಸಿದ್ದಿಗಳ ಬೇರು ಆಫ್ರಿಕಾದಲ್ಲಿ, ಲೆಕ್ಕದ ಪುಸ್ತಕ ನಮ್ಮ ಮಾಳಿಗೆಯಲ್ಲಿ

ಪ್ರಶ್ನೆ: ಅಮೆರಿಕದ ಗುಲಾಮಗಿರಿ ಬಗ್ಗೆ ಸಾಕಷ್ಟು ಓದಿದ್ದೇನೆ. ನಮ್ಮ ಕರ್ನಾಟಕಕ್ಕೂ ಆಫ್ರಿಕಾದಿಂದ ಗುಲಾಮರನ್ನು ತಂದಿದ್ದರು, ಉತ್ತರ ಕನ್ನಡದ ಸಿದ್ದಿಗಳು ಅವರ ವಂಶದವರು ಅಂತ ಮೊನ್ನೆ ಮೊನ್ನೆ ಗೊತ್ತಾಯಿತು. ಅವರಿಗೆ ಅದೆಲ್ಲ ನೆನಪಿದೆಯಾ? ಆಫ್ರಿಕಾದ್ದು ಅನ್ನುವಂಥದ್ದು ಏನಾದರೂ ಉಳಿದಿದೆಯಾ? ಎಲ್ಲಿಂದ ತಿಳಿದುಕೊಳ್ಳಲು ಶುರು ಮಾಡಲಿ?

ಉತ್ತರ:

ನಾನು ಯಲ್ಲಾಪುರ ಕಡೆಯವನು. ಅಡಿಕೆ ತೋಟದ ಮನೆ. ಸಿದ್ದಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಹೇಳುವುದು ಜಗಲಿ ಮೇಲೆ ಕೂತವನಿಗೆ ಕಂಡದ್ದು. ಅಂಗಳದಲ್ಲಿ ನಿಂತವರಿಗೆ ಕಂಡದ್ದನ್ನು ಅವರೇ ಹೇಳಬೇಕು.

ಹೌದು, ತಂದಿದ್ದರು. ಆದರೆ ಅಮೆರಿಕದ ಕಥೆಯ ಅಳತೆಗೆ ಇಲ್ಲಿಯದನ್ನು ಕತ್ತರಿಸಲು ಹೋದರೆ ಸರಿಯಾಗಿ ಕೂರುವುದಿಲ್ಲ. ಅಟ್ಲಾಂಟಿಕ್ ದಾಟಿಸಲು ಅಂತ ಹಡಗು ಹತ್ತಿಸಿದವರ ಸಂಖ್ಯೆಯೇ ಸುಮಾರು 1.25 ಕೋಟಿ. ನಮ್ಮ ಕಡೆ ಬಂದವರು ಅದಕ್ಕಿಂತ ಬಹಳ ಕಡಿಮೆ. ಆದರೆ ಹಳೆಯ ಕಾಲದಿಂದ ಬರುತ್ತಿದ್ದರು, ಬೇರೆ ಬೇರೆ ಕೈಗಳ ಮೂಲಕ ಬರುತ್ತಿದ್ದರು. ಪೋರ್ಚುಗೀಸರಿಗಿಂತ ಮುಂಚೆಯೇ ಅರಬ್ ವ್ಯಾಪಾರಿಗಳು ಇಥಿಯೋಪಿಯಾ ಕಡೆಯಿಂದ ಹುಡುಗರನ್ನು ತಂದು ದಖ್ಖನಿನ ಸುಲ್ತಾನರಿಗೆ ಮಾರುತ್ತಿದ್ದರು. ಹೆಚ್ಚಾಗಿ ಸೈನ್ಯಕ್ಕೆ. ಇವರನ್ನು ಹಬ್ಶಿಗಳು ಅನ್ನುತ್ತಿದ್ದರು.

ಇವರಲ್ಲಿ ಕೆಲವರು ಮೇಲೇರಿದ್ದು ಹೇಗೆ ಅಂತ ಕೇಳಿದರೆ ಆಶ್ಚರ್ಯ ಆಗುತ್ತದೆ. ಮಲಿಕ್ ಅಂಬರ್ ಹೆಸರು ಕೇಳಿರುತ್ತೀರಿ. ಇಥಿಯೋಪಿಯಾದಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಅಹಮದ್‌ನಗರಕ್ಕೆ ಬಂದವನು. ಕೊನೆಗೆ ಆ ರಾಜ್ಯವನ್ನೇ ನಡೆಸಿದ, ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ, 1626ರಲ್ಲಿ ತೀರಿಕೊಂಡ. ನಮ್ಮ ವಿಜಾಪುರದಲ್ಲಿ ಇಖ್ಲಾಸ್ ಖಾನ್ ಇದ್ದ. ಗೋಳಗುಮ್ಮಟದ ಮುಹಮ್ಮದ್ ಆದಿಲ್ ಶಾಹನ ಮಂತ್ರಿ. ಒಂದು ಹಳೆಯ ಚಿತ್ರದಲ್ಲಿ ಸುಲ್ತಾನ, ಇಖ್ಲಾಸ್ ಖಾನ್ ಇಬ್ಬರೂ ಒಂದೇ ಆನೆಯ ಮೇಲೆ ಕೂತಿದ್ದಾರೆ. ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬಂದವರು ನಾವೆಲ್ಲ, ಇಖ್ಲಾಸ್ ಖಾನನ ಹೆಸರು ಎಷ್ಟು ಜನರ ಕಿವಿಗೆ ಬಿದ್ದಿದೆ?

ಆದರೆ ಉತ್ತರ ಕನ್ನಡದ ಸಿದ್ದಿಗಳ ಕಥೆ ಆನೆ ಮೇಲಿನದ್ದಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಮೊಜಾಂಬಿಕ್ ಕಡೆಯಿಂದ ಅವರ ಹಡಗುಗಳಲ್ಲಿ ಗುಲಾಮರು ಬರತೊಡಗಿದರು. ಗೋವಾದ ದೊಡ್ಡ ಬೀದಿಯಲ್ಲಿ ಹರಾಜು ನಡೆಯುತ್ತಿತ್ತು. ಕುದುರೆ, ಬಟ್ಟೆಯ ಜೊತೆಗೇ ಮನುಷ್ಯರೂ. ಪಲ್ಲಕ್ಕಿ ಹೊರಲು, ನೀರು ತರಲು, ಅಡುಗೆಮನೆಗೆ. ಪೋರ್ಚುಗಲ್ ಈ ವ್ಯಾಪಾರವನ್ನು ನಿಷೇಧಿಸಿದ್ದು 1836ರಲ್ಲಿ. ಅಷ್ಟರೊಳಗೆ ಮುನ್ನೂರು ವರ್ಷ ಕಳೆದಿತ್ತು. ಆ ಮುನ್ನೂರು ವರ್ಷಗಳಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಗೋವಾದಿಂದ ಓಡಿ ಬಂದವನಿಗೆ ನಮ್ಮ ಕಾಡಿಗಿಂತ ಒಳ್ಳೆಯ ಜಾಗ ಯಾವುದಿತ್ತು? ಹತ್ತು ಮಾರು ಒಳಗೆ ಹೋದರೆ ಮನುಷ್ಯ ಕಾಣುವುದಿಲ್ಲ. ಇವತ್ತು ಸಿದ್ದಿಗಳು ಇರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ, ಆಚೆಗೆ ಖಾನಾಪುರ, ಕಲಘಟಗಿ ಕಡೆ. ನಕ್ಷೆ ತೆಗೆದು ನೋಡಿ, ಓಡಿಬಂದ ದಾರಿ ಕಾಣುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಪೇಪರಿನವರು ಆಗಾಗ 'ಸಿದ್ಧಿ' ಅಂತ ಮಹಾಪ್ರಾಣ ಹಾಕಿ ಅವರನ್ನು ತಪಸ್ವಿಗಳನ್ನಾಗಿ ಮಾಡಿಬಿಡುತ್ತಾರೆ. ಅದು 'ಸಿದ್ದಿ'. ಅರಬ್ಬಿಯ 'ಸಯ್ಯಿದಿ', ಅಂದರೆ 'ನನ್ನ ಒಡೆಯ' ಅನ್ನುವ ಮಾತಿನಿಂದ ಬಂದದ್ದು ಅಂತ ಹೆಚ್ಚಿನವರು ಹೇಳುತ್ತಾರೆ. ಗುಲಾಮರಾಗಿ ಬಂದವರಿಗೆ ಒಡೆಯ ಅನ್ನುವ ಹೆಸರು ಅಂಟಿಕೊಂಡಿತು ನೋಡಿ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರುತ್ತೇನೆ. ಗುಲಾಮಗಿರಿ ಅಂದರೆ ಪೋರ್ಚುಗೀಸರು ಮಾಡಿದ್ದು, ನಾವು ಆಶ್ರಯ ಕೊಟ್ಟವರು ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ನಮ್ಮಲ್ಲೂ ಅದು ಹೊಸದೇನಲ್ಲ. ವಚನಗಳಲ್ಲೇ 'ತೊತ್ತು', ಅಂದರೆ ದಾಸಿ, ಅನ್ನುವ ಮಾತಿದೆ. 1801ರಲ್ಲಿ ಕೆನರಾ ಸೀಮೆ ಸುತ್ತಿದ ಬ್ರಿಟಿಷ್ ಕಂಪನಿಯ ಅಧಿಕಾರಿ ಬುಕನನ್, ಇಲ್ಲಿ ಹೊಲಮನೆಯ ದುಡಿಮೆಗೆ ಜನರನ್ನು ಕೊಳ್ಳುವುದು ಮಾರುವುದು ಇದೆ ಅಂತ ಬರೆದಿಟ್ಟಿದ್ದಾನೆ. 1843ರ ಕಾಯಿದೆ ಬಂದಮೇಲೆ ಬ್ರಿಟಿಷ್ ಕೋರ್ಟುಗಳು ಗುಲಾಮನನ್ನು ಆಸ್ತಿ ಅಂತ ಒಪ್ಪಲಿಲ್ಲ. ಆದರೆ ಸಾಲ ಇತ್ತಲ್ಲ. ಕಾಡಿನಿಂದ ಈಚೆ ಬಂದ ಸಿದ್ದಿಗಳು ತೋಟದವರ ಮನೆಯಲ್ಲಿ ಜೀತಕ್ಕೆ ನಿಂತರು. ಸರಪಳಿಯ ಬದಲು ಒಂದು ಪುಸ್ತಕ ಬಂತು, ಅಷ್ಟೇ.

ನಾನು ಚಿಕ್ಕವನಿದ್ದಾಗ ಜೀತ ನಿಷೇಧದ ಕಾಯಿದೆ (1976) ಆಗಲೇ ಬಂದಿತ್ತು. ನಮ್ಮ ಮನೆಗೆ ಒಬ್ಬ ಸಿದ್ದಿ ಅಜ್ಜಿ ಬರುತ್ತಿದ್ದಳು. 'ಬರುತ್ತಿದ್ದಳು' ಅಂತಲೇ ಕೈ ಓಡಿತು ನೋಡಿ. ನನ್ನ ಅಮ್ಮನಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಂಟು ವರ್ಷದ ಹುಡುಗ ನಾನು ಅವರನ್ನು "ಏ, ಇಲ್ಲಿ ಬಾ" ಅಂತ ಕರೆಯುತ್ತಿದ್ದೆ. ಅವರು ನನಗೆ "ಏನು ಒಡೇರೇ?" ಅನ್ನುತ್ತಿದ್ದರು. ಯಾರೂ ನನ್ನನ್ನು ತಿದ್ದಲಿಲ್ಲ. ಪಕ್ಕದ ಮನೆ ಅಜ್ಜಿಗೆ ಏಕವಚನ ಹಚ್ಚಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಅವರ ಚಹಾದ ಲೋಟ ಬೇರೆ, ಹಿತ್ತಿಲ ಕಡೆಯ ಗೂಡಿನಲ್ಲಿ ಕವುಚಿ ಇಟ್ಟಿರುತ್ತಿತ್ತು. ಕುಡಿದು ಅವರೇ ತೊಳೆದು ಮತ್ತೆ ಕವುಚಬೇಕು. ನೀವು 'ಗುಲಾಮಗಿರಿಯ ಪಳೆಯುಳಿಕೆ' ಹುಡುಕುತ್ತಿದ್ದರೆ ಅದು ಇಂಥ ಕಡೆ ಸಿಗುತ್ತದೆ. ಮ್ಯೂಸಿಯಮ್ಮಿನಲ್ಲಿ ಅಲ್ಲ, ಕನ್ನಡದ ಕ್ರಿಯಾಪದದ ಕೊನೆಯಲ್ಲಿ.

ಆ ಅಜ್ಜಿ ಮಳೆಗಾಲದಲ್ಲಿ ಕೌದಿ ಹೊಲಿಯುತ್ತಿದ್ದರು. ನಮ್ಮಮ್ಮ ಹಳೆಯ ಸೀರೆ, ಅಪ್ಪನ ಹರಿದ ಪಂಚೆ ಕೊಡುತ್ತಿದ್ದರು. ಅವರು ನೆಲದ ಮೇಲೆ ಅಡಿಬಟ್ಟೆ ಹಾಸಿ ಒಂದು ಮೂಲೆಯಿಂದ ಶುರು ಮಾಡುತ್ತಿದ್ದರು. ತುಂಡಿನ ಅಂಚು ಬೆರಳಲ್ಲೇ ಮಡಚುವುದು, ದಾರ ಎಳೆಯುವುದು, ಮುಂದಿನ ತುಂಡು. ಅಂಚಿಗುಂಟ ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರುವುದು. ಗುರುತು ಹಾಕುವುದಿಲ್ಲ, ಅಳೆಯುವುದಿಲ್ಲ. ಹೊಲಿಗೆ ಸೀದಾ ಸಾಲಾಗಿ ಹೋಗುತ್ತಿತ್ತು, ಗದ್ದೆ ನಟ್ಟಿ ಮಾಡಿದ ಹಾಗೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಡಚಿ ದಪ್ಪನೆಯ ತ್ರಿಕೋನ ಕೂರಿಸುತ್ತಿದ್ದರು. ಅದಕ್ಕೆ 'ಫುಲಾ' ಅನ್ನುತ್ತಾರೆ, ಹೂವು ಅಂತ. "ಇದೆಂತಕ್ಕೆ? ಸುಮ್ನೆ ಬಟ್ಟೆ ಹಾಳು" ಅಂದಿದ್ದೆ ಒಮ್ಮೆ. "ಹೂವಿಲ್ಲದ ಕೌದಿ ಬತ್ತಲೆ, ಒಡೇರೇ" ಅಂದರು.

ಇದರಲ್ಲಿ ಆಫ್ರಿಕಾದ್ದು ಎಷ್ಟು, ಧಾರವಾಡದ ಕೌದಿಯದ್ದು ಎಷ್ಟು? ವಿದ್ವಾಂಸರು ಹೋಲಿಸಿ ಬರೆದಿದ್ದಾರೆ, ಅಮೆರಿಕದ ಕರಿಯ ಹೆಂಗಸರ ಕೌದಿಗಳ ಜೊತೆ ಇಟ್ಟು ನೋಡಿದವರೂ ಇದ್ದಾರೆ. ನನಗನ್ನಿಸುವುದು, ಹಾಗೆ ಬಿಡಿಸಲು ಹೋದರೆ ಕೌದಿ ಹರಿಯುತ್ತದೆ. ಸೀರೆ ನಮ್ಮದು, ಕೈ ಅವರದ್ದು. ಈಗ ಇವು ಬೆಂಗಳೂರಿನ ಪ್ರದರ್ಶನಗಳಲ್ಲಿ ಸಾವಿರಗಟ್ಟಲೆ ರೂಪಾಯಿಗೆ ಹೋಗುತ್ತವೆ. ಅಂದು ಒಂದು ಕೌದಿಗೆ ನಮ್ಮಲ್ಲಿ ಕೊಡುತ್ತಿದ್ದದ್ದು ಎರಡು ಸೇರು ಅಕ್ಕಿ, ಒಂದು ಹಿಡಿ ಮೆಣಸಿನಕಾಯಿ.

ಭಾಷೆ ಉಳಿಯಲಿಲ್ಲ. ಹೆಚ್ಚಿನವರ ಮನೆಮಾತು ಒಂದು ಬಗೆಯ ಕೊಂಕಣಿ, ಅದರೊಳಗೆ ಕನ್ನಡ, ಮರಾಠಿ ಬೆರೆತಿರುತ್ತದೆ. ಹೊರಗೆ ಕನ್ನಡ. ಊರಿನ ಹೆಸರು ಉಳಿಯಲಿಲ್ಲ, ಬುಡಕಟ್ಟಿನ ಹೆಸರೂ ಇಲ್ಲ. ಹಡಗಿನಲ್ಲಿ ಒಬ್ಬೊಬ್ಬರು ಒಂದೊಂದು ಊರಿನವರು, ಮಾಲೀಕ ಕೊಟ್ಟದ್ದೇ ಹೆಸರು. ಹಾಗಾದಾಗ ಏನು ಉಳಿದೀತು ಹೇಳಿ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಿದ್ದಿಗಳ ಡಿಎನ್‌ಎ ನೋಡಿ, ಆಫ್ರಿಕಾದ ಬಂಟು ಭಾಷೆಯ ಜನರ ಜೊತೆ ನಂಟಿದೆ ಅಂದರು. ಸರಿ. ಆದರೆ ರಕ್ತ ಪರೀಕ್ಷೆ ಅಜ್ಜನ ಊರಿನ ಹೆಸರು ಹೇಳುವುದಿಲ್ಲವಲ್ಲ.

ಹಾಗಂತ ಏನೂ ಇಲ್ಲ ಅಂತಲ್ಲ. ಡಮಾಮಿ ಇದೆ. ಬಾರಿಸುವ ವಾದ್ಯಕ್ಕೂ ಅದೇ ಹೆಸರು, ಕುಣಿತಕ್ಕೂ ಅದೇ ಹೆಸರು. ಹಿರಿಯರ ಪೂಜೆ ಇದೆ. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ್ ಅನ್ನುವ ಜಾಗ ಇದೆ. ಅಲ್ಲಿಗೆ ಹಿಂದೂ ಸಿದ್ದಿಗಳು, ಕ್ರಿಶ್ಚಿಯನ್ ಸಿದ್ದಿಗಳು, ಮುಸ್ಲಿಂ ಸಿದ್ದಿಗಳು ಎಲ್ಲರೂ ಬರುತ್ತಾರೆ. ಮೂರು ಧರ್ಮದವರು ಒಂದೇ ಜನ ಅನ್ನುವುದು ನಮಗೆ ಭಾಷಣದ ಮಾತು, ಅವರಿಗೆ ನೆಂಟಸ್ತಿಕೆ. ಯಾವ ಮಾಲೀಕನ ಮನೆಯಲ್ಲಿದ್ದರೋ ಆ ಮನೆಯ ದೇವರು ಇವರಿಗೂ ಬಂತು ಅಂತ ಹಿರಿಯರೊಬ್ಬರು ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಅದಕ್ಕೇ ಇರಬೇಕು, ದೇವರ ವಿಷಯದಲ್ಲಿ ಅವರು ಜಗಳ ಆಡುವುದು ಕಡಿಮೆ.

ಇನ್ನೊಂದು ಕಡೆ ಹೋಗಿ ನೋಡಿ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸೇತುವೆಯ ಹತ್ತಿರ, ಖಾಪ್ರಿ ದೇವರ ಗುಡಿ ಇದೆ. ಆಫ್ರಿಕಾದಿಂದ ಬಂದವನೊಬ್ಬ ದೇವರಾದ ಅಂತ ನಂಬಿಕೆ. ಹರಕೆ ಏನು ಗೊತ್ತಾ? ಸಾರಾಯಿ, ಸಿಗರೇಟು, ಮೇಣದಬತ್ತಿ. ಕೊಚ್ಚಿಯಲ್ಲೂ ಕಾಪ್ಪಿರಿ ಮುತ್ತಪ್ಪನ್ ಇದ್ದಾನೆ, ಅವನಿಗೂ ಚುಟ್ಟ, ಸೇಂದಿ. ಡಚ್ಚರು ಬಂದಾಗ ಪೋರ್ಚುಗೀಸರು ತಮ್ಮ ನಿಧಿ ಕಾಯಲು ಗುಲಾಮರನ್ನು ಕೊಂದು ಹೂತರು, ಅವರೇ ಈ ಮುತ್ತಪ್ಪನ್ ಅನ್ನುತ್ತಾರೆ. ಬದುಕಿದ್ದಾಗ ಒಂದು ಲೋಟ ಬೇರೆ ಇಟ್ಟವರು, ಸತ್ತಮೇಲೆ ಬಾಟಲಿಯನ್ನೇ ತಂದಿಡುತ್ತೇವೆ.

ನಿಮ್ಮ ಪ್ರಶ್ನೆಯಲ್ಲಿರುವ 'ಆಫ್ರಿಕಾದ್ದು' ಅನ್ನುವ ಮಾತಿನ ಬಗ್ಗೆ ಸ್ವಲ್ಪ ಎಚ್ಚರ. ಸಿದ್ದಿಗಳಿಗೆ ಇದರಿಂದ ಜಾಸ್ತಿ ಕಿರಿಕಿರಿಯೇ ಆಗಿದೆ. ನನ್ನ ಹೈಸ್ಕೂಲ್ ಗೆಳೆಯನೊಬ್ಬ ಸಿದ್ದಿ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಯಾರೋ ಬಂದು ಇಂಗ್ಲಿಷಿನಲ್ಲಿ ಯಾವ ದೇಶ ಅಂತ ಕೇಳಿದರು. ಇವನು "ಯಲ್ಲಾಪುರ್ರೀ, ನಿಮ್ದ್ ಯಾವೂರು?" ಅಂದ. ಆ ಮನುಷ್ಯ ಫೋಟೋ ತೆಗೆದುಕೊಳ್ಳಲೇ ಅಂತ ಕೇಳಿದನಂತೆ. ನಗುತ್ತಾ ಹೇಳಿದ, ಆದರೆ ಇಂಥದ್ದು ವಾರಕ್ಕೊಮ್ಮೆ ಆದರೆ ನಗು ಎಲ್ಲಿಂದ ಬರಬೇಕು? 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡತೊಡಗಿತು. ಆಫ್ರಿಕಾದ ಮೈಕಟ್ಟು, ಒಲಿಂಪಿಕ್ ಪದಕ ಬಂದೇ ಬರುತ್ತದೆ ಅಂತ. ಮಕ್ಕಳು ಚೆನ್ನಾಗಿಯೇ ಓಡಿದರು. 1993ರಲ್ಲಿ ಯೋಜನೆ ನಿಂತಿತು, ಹೆಚ್ಚಿನವರು ಊರಿಗೆ ವಾಪಸು ಬಂದರು. ತೋಳು ತೊಡೆ ನೋಡಿ ಆರಿಸುವುದನ್ನು ಅವರ ಮುತ್ತಜ್ಜಂದಿರು ಗೋವಾದ ಬೀದಿಯಲ್ಲೂ ಕಂಡಿದ್ದರು ಅನ್ನುವುದು ಯಾರಿಗಾದರೂ ಹೊಳೆದಿತ್ತೋ ಇಲ್ಲವೋ.

ಅದಕ್ಕಿಂತ ಅವರ ಬದುಕಿಗೆ ನಿಜವಾಗಿ ಬೇಕಾಗಿದ್ದದ್ದು 2003ರಲ್ಲಿ ಸಿಕ್ಕಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು, ಆ ಸಮುದಾಯದಿಂದ ಮೊದಲಿಗರು. ನಾಟಕ, ಸಿನಿಮಾದಲ್ಲಿ ಪ್ರಶಾಂತ್ ಸಿದ್ದಿಯನ್ನು ನೀವು ನೋಡಿಯೇ ಇರುತ್ತೀರಿ.

ಎಲ್ಲಿಂದ ಶುರು ಮಾಡಲಿ ಅಂದಿರಿ. ಕೌದಿ ಕೊಳ್ಳುವುದಾದರೆ ಹೊಲಿದವರ ಕೈಯಿಂದಲೇ ಕೊಳ್ಳಿ, ಕೂತು ಮಾತಾಡಿ. ಸಿದ್ದಿ ಊರುಗಳಿಗೆ ರಿಸಾರ್ಟಿನವರ ಜೀಪಿನಲ್ಲಿ ಹೋಗಬೇಡಿ. ಅಲ್ಲಿ ಗಂಟೆ ಲೆಕ್ಕದಲ್ಲಿ ಡಮಾಮಿ ಕುಣಿಸುತ್ತಾರೆ. ಮತ್ತೆ, ನಿಮ್ಮ ಊರು ಘಟ್ಟದ ಕಡೆಯದ್ದಾದರೆ ನಿಮ್ಮ ಮನೆಯ ಮಾಳಿಗೆ ಹತ್ತಿ ನೋಡಿ. ನಾನು ಹತ್ತಿದ್ದು ಅಪ್ಪ ತೀರಿಕೊಂಡ ಮೇಲೆ. ಅಜ್ಜನ ಕಾಲದ ಜಮಾ–ಖರ್ಚಿನ ಪುಸ್ತಕ ಸಿಕ್ಕಿತು, ಕೆಂಪು ಬಟ್ಟೆ ಕಟ್ಟಿನದ್ದು. ಒಂದು ಪುಟದ ತಲೆಯಲ್ಲಿ ಒಬ್ಬ ಸಿದ್ದಿಯ ಹೆಸರು. ಕೆಳಗೆ, ಮದುವೆಗೆ ಕೊಟ್ಟದ್ದು ನಲವತ್ತು ರೂಪಾಯಿ. ಕಂಬಳಿ ಒಂದು. ಅಕ್ಕಿ. ಮತ್ತೆ ಅಕ್ಕಿ. ಪ್ರತಿ ವರ್ಷದ ಕೊನೆಗೆ 'ಹಿಂದಿನ ಬಾಕಿ' ಅಂತ ಮುಂದಿನ ಪುಟಕ್ಕೆ ಎಳೆದಿದ್ದಾರೆ. ಹದಿನಾರು ವರ್ಷ ಹಾಗೆ ಎಳೆದಿದ್ದಾರೆ. ಬಾಕಿ ಇಳಿದೇ ಇಲ್ಲ.

ಕೌದಿ ಹೊಲಿಯುತ್ತಿದ್ದ ಅಜ್ಜಿಯ ಮೊಮ್ಮಗ ಈಗ ಹಳಿಯಾಳದಲ್ಲಿ ಮೇಷ್ಟ್ರು. ಆ ಹೆಸರು ಅಜ್ಜಿಯ ಅಪ್ಪನದ್ದು ಅಂತ ಗುರುತು ಹಿಡಿದದ್ದು ಅವರೇ. ಪುಸ್ತಕ ತೋರಿಸುವಾಗ ನನಗೆ ತಲೆ ಎತ್ತಲು ಆಗಿರಲಿಲ್ಲ, ಏನೋ ಕ್ಷಮೆ ಗಿಮೆ ಅಂತ ತಡವರಿಸಿದೆ. ಅವರು ಪುಟ ತಿರುವಿ ತಿರುವಿ ನೋಡಿದರು. ಆಮೇಲೆ ಆ ಹೆಸರಿನ ಮೇಲೆ ಬೆರಳಿಟ್ಟು, "ನಮ್ಮ ಮುತ್ತಜ್ಜನ ಹೆಸರು ಬರೆದದ್ದು ಇದೊಂದೇ ಕಡೆ ಇರೋದು. ಫೋಟೋ ತಗೊಳ್ಳಲಾ?" ಅಂದರು.

ನಾನು ಪುಸ್ತಕವನ್ನೇ ಕೊಟ್ಟೆ.