ಮ್ಯೂನಿಕ್‌ನಲ್ಲಿ ಮೊದಲ ಕಾರು ಹಳೆ ಬಿಎಂಡಬ್ಲ್ಯು ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮ್ಯೂನಿಕ್‌ಗೆ ಬಂದು ಏಳು ತಿಂಗಳಾಯಿತು, ಐದು ಸಾವಿರ ಯೂರೋ ಒಳಗೆ ಹಳೆ ಬಿಎಂಡಬ್ಲ್ಯು 3 ಸೀರೀಸ್ ತಗೊಳ್ಳುವುದಾ ಇಲ್ಲಾ ಚಿಕ್ಕದೊಂದು ಹೊಸ ಕಾರನ್ನು ಕಂತಿನ ಮೇಲೆ ತಗೊಳ್ಳುವುದಾ, ಅಷ್ಟಕ್ಕೂ ಈ ಬಿಎಂಡಬ್ಲ್ಯುನಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. 2014ರಲ್ಲಿ ನಾನೇ ಬರೆದ ಹಾಗಿದೆ. ನಾನು ಹಳೆಯದನ್ನೇ ತಗೊಂಡೆ. ಐದು ತಿಂಗಳು ಓಡಿಸಿದೆ. ಆಮೇಲೆ ಒಂದು ಭಾನುವಾರ ಸಂಜೆ, ಹತ್ತೇ ನಿಮಿಷದಲ್ಲಿ, ಕೈಯಾರೆ ಅದರ ಕಥೆ ಮುಗಿಸಿದೆ.

ಗಾಡಿ 3 ಸೀರೀಸ್‌ನ 320ಐ, 2003ರದು. ಇ46 ಅನ್ನುವುದು ಆ ತಲೆಮಾರಿನ ಕಾರುಗಳಿಗೆ ಕಂಪನಿ ಇಟ್ಟ ಒಳಹೆಸರು, ಇಲ್ಲಿ ಜಾಹೀರಾತಿನಲ್ಲೂ ಹಾಗೇ ಬರೆಯುತ್ತಾರೆ. ಕಡುನೀಲಿ ಬಣ್ಣ, 1,48,000 ಕಿಲೋಮೀಟರ್ ಓಡಿತ್ತು, 4,800 ಯೂರೋ. ಮಾರುವವರು "ಟ್ಯೂಫ್ ನೋಯ್" ಅಂದರು. ಅಂದರೆ ಎರಡು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ತಪಾಸಣೆ ಈಗಷ್ಟೇ ಪಾಸಾಗಿದೆ ಅಂತ. ನಾನು ಅದನ್ನು ಗಾಡಿ ಗಟ್ಟಿಮುಟ್ಟಾಗಿದೆ ಅಂತ ಅರ್ಥ ಮಾಡಿಕೊಂಡೆ. ತಪಾಸಣೆಯವರು ನೋಡುವುದು ಬ್ರೇಕು, ಲೈಟು, ಟೈರು, ತುಕ್ಕು, ಹೊಗೆ. ರೇಡಿಯೇಟರ್ ಹೋಸಿಗೆ ವಯಸ್ಸೆಷ್ಟು ಅಂತ ಯಾರೂ ಕೇಳುವುದಿಲ್ಲ.

ಓಡಿಸಿ ನೋಡಲು ಹೋದಾಗ ಮಾರ್ಚ್ ತಿಂಗಳು, ಸಂಜೆ ಏಳು, ಆಗಲೇ ಕತ್ತಲು. ಕೀ ತಿರುಗಿಸಿದ ಕೂಡಲೇ ಮೀಟರುಗಳೆಲ್ಲ ಕೆಂಡದ ಬಣ್ಣದಲ್ಲಿ ಬೆಳಗಿದವು. ಡ್ಯಾಶ್‌ಬೋರ್ಡಿನ ನಡುಭಾಗ ತುಸು ಡ್ರೈವರ್ ಕಡೆಗೇ ತಿರುಗಿಕೊಂಡಿರುತ್ತದೆ. 1975ರ ಮೊದಲ 3 ಸೀರೀಸ್‌ನಿಂದ ಬಂದ ಪದ್ಧತಿ ಅದು. ಆಕ್ಸಿಲರೇಟರ್ ಮೇಲಿಂದ ನೇತಾಡುವುದಿಲ್ಲ, ನೆಲಕ್ಕೇ ಕೀಲು ಕೂರಿಸಿರುತ್ತಾರೆ. ಅಮ್ಮನ ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಕೂತ ಹಾಗೆ ಪಾದ ಪೂರ್ತಿ ಕೂರುತ್ತದೆ. ಎಂಜಿನ್ನಿನಲ್ಲಿ ಆರು ಸಿಲಿಂಡರ್ ಒಂದೇ ಸಾಲಿಗೆ. ಈ ಜೋಡಣೆಯಲ್ಲಿ ಒಂದು ಪಿಸ್ಟನ್ನಿನ ಕುಲುಕಾಟವನ್ನು ಇನ್ನೊಂದು ಹೊಡೆದುಹಾಕುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆನ್ ಇದೆಯಾ ಅಂತ ಮೀಟರ್ ನೋಡಿ ತಿಳಿಯಬೇಕು. ಹಿಂದಿನ ಚಕ್ರಗಳು ತಳ್ಳುತ್ತವೆ, ಮುಂದಿನವು ತಿರುಗುತ್ತವೆ, ಒಂದರ ಕೆಲಸಕ್ಕೆ ಇನ್ನೊಂದು ತಲೆಹಾಕುವುದಿಲ್ಲ. ಸ್ಟೇರಿಂಗ್ ಹಿಡಿದರೆ ಅದು ಅಂಗೈಗೇ ತಿಳಿಯುತ್ತದೆ. ನಾನು ಚೌಕಾಸಿ ಮಾಡುವುದನ್ನೂ ಮರೆತೆ.

ಅಂಥದ್ದೇನಿದೆ ಅನ್ನುವುದಕ್ಕೆ ನನ್ನ ಉತ್ತರ ಇಷ್ಟೇ. ಉಳಿದದ್ದು ನಮ್ಮ ಪಕ್ಕದ ಮನೆ ಅಜ್ಜ ಹೇಳಿದ್ದು. ಮಿಲ್ಬೆರ್ಟ್ಸ್‌ಹೋಫೆನ್‌ನ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ರಿಟೈರ್ ಆದವರು. ನನ್ನ ಕಾರು ಬಂದ ದಿನ ಬಾಲ್ಕನಿಯಿಂದ ಇಳಿದು ಬಂದು, ಬಾನೆಟ್ ತಟ್ಟಿ ಕೇಳಿದ ಮೊದಲ ಪ್ರಶ್ನೆ: "ಹೆಸರಲ್ಲಿ ಕಾರು ಎಲ್ಲಿದೆ ಹೇಳು ನೋಡೋಣ?" ನಿಜ, ಇಲ್ಲ. ಬಿಎಂಡಬ್ಲ್ಯು ಅನ್ನುವುದರ ಪೂರ್ತಿ ಹೆಸರು ಬಾಯರಿಷೆ ಮೋಟೋರೆನ್ ವೆರ್ಕೆ, ಅಂದರೆ ಬವೇರಿಯಾದ (ಮ್ಯೂನಿಕ್ ಇರುವ ರಾಜ್ಯ) ಎಂಜಿನ್ ಕಾರ್ಖಾನೆ. 1917ರಲ್ಲಿ ಆ ಹೆಸರು ಬಂದಾಗ ಮಾಡುತ್ತಿದ್ದದ್ದು ವಿಮಾನದ ಎಂಜಿನ್. ಮ್ಯಾಕ್ಸ್ ಫ್ರಿಟ್ಸ್ ರೂಪಿಸಿದ ಆ ಎಂಜಿನ್ನಿನಲ್ಲೂ ಆರು ಸಿಲಿಂಡರ್ ಒಂದೇ ಸಾಲಿಗೆ. ಯುದ್ಧ ಸೋತ ಮೇಲೆ ಜರ್ಮನಿ ವಿಮಾನದ ಎಂಜಿನ್ ಮಾಡುವ ಹಾಗಿರಲಿಲ್ಲ. ರೈಲಿನ ಬ್ರೇಕ್ ಮಾಡಿ ಹೊಟ್ಟೆ ಹೊರೆದರು. 1923ರಲ್ಲಿ ಆರ್32 ಬೈಕ್ ಬಂತು. ಕಾರಿಗೆ ಕೈಹಾಕಿದ್ದು 1928ರಲ್ಲಿ, ಐಸೆನಾಖ್ ಊರಿನ ಒಂದು ಕಾರ್ಖಾನೆಯನ್ನು ಕೊಂಡಾಗ. ಅಲ್ಲಿದ್ದದ್ದೂ ಸ್ವಂತ ಕಾರಲ್ಲ, ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಅನ್ನು ಲೈಸೆನ್ಸ್ ಪಡೆದು ಡಿಕ್ಸಿ ಅಂತ ಮಾರುತ್ತಿದ್ದರು. ಮೂತಿಯ ಮೇಲಿನ ಜೋಡಿ ಗ್ರಿಲ್ 1933ರ 303 ಕಾರಿನಿಂದ ಶುರು. ಇನ್ನು ಆ ನೀಲಿ-ಬಿಳಿ ಚಿಹ್ನೆ ತಿರುಗುವ ಪ್ರೊಪೆಲ್ಲರ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಬವೇರಿಯಾದ ಬಣ್ಣ. 1929ರ ಒಂದು ಜಾಹೀರಾತಿನಲ್ಲಿ ಪ್ರೊಪೆಲ್ಲರ್ ಮೇಲೆ ಆ ಚಿಹ್ನೆ ಬರೆದರು, ಕಥೆ ಅಲ್ಲಿಂದ ಹಬ್ಬಿತು.

ಎರಡನೇ ಯುದ್ಧದ ಮಾತು ಬಂದರೆ ಅಜ್ಜನ ದನಿ ತಗ್ಗುತ್ತಿತ್ತು. ಆಲಾಖ್‌ನಲ್ಲಿದ್ದ ಕಾರ್ಖಾನೆಯಲ್ಲಿ ನಾಜಿಗಳ ಡಾಖಾವ್ ಸೆರೆಶಿಬಿರದ ಕೈದಿಗಳನ್ನು ದುಡಿಸಿಕೊಂಡು ಯುದ್ಧವಿಮಾನದ ಎಂಜಿನ್ ಮಾಡಿದ್ದರು. ಅದನ್ನು ಅವರು ಮುಚ್ಚಿಡಲಿಲ್ಲ, ಆದರೆ ಒಂದೇ ಸಲ ಹೇಳಿದರು.

ಅವರಿಗೆ ಇಷ್ಟದ ಕಥೆ 1959ರದು. ಐವತ್ತರ ದಶಕದಲ್ಲಿ ಕಂಪನಿ ಒಂದು ಕಡೆ ದೊಡ್ಡ ದೊಡ್ಡ ವಿ8 ಕಾರು ಮಾಡಿ ಕೈ ಸುಟ್ಟುಕೊಳ್ಳುತ್ತಿತ್ತು. 507 ಅನ್ನುವ ಚೆಂದದ ಸ್ಪೋರ್ಟ್ಸ್ ಕಾರು ಬರೀ ಇನ್ನೂರೈವತ್ತರಷ್ಟು ತಯಾರಾಯಿತು. ಇನ್ನೊಂದು ಕಡೆ ಇಸೆಟ್ಟಾ, ಇಟಲಿಯಿಂದ ಲೈಸೆನ್ಸ್ ತಂದ ಮೊಟ್ಟೆಯಂಥ ಗಾಡಿ, ಫ್ರಿಜ್ಜಿನ ಹಾಗೆ ಮುಂದೆ ಒಂದೇ ಬಾಗಿಲು. ಅದು 1,60,000ಕ್ಕಿಂತ ಜಾಸ್ತಿ ಹೋಯಿತು, ಆದರೂ ಸಾಲ ತೀರಲಿಲ್ಲ. ಆ ವರ್ಷ ಡಿಸೆಂಬರ್ 9ರ ಷೇರುದಾರರ ಸಭೆಯಲ್ಲಿ ಕಂಪನಿಯನ್ನು ಮರ್ಸಿಡಿಸ್ ಮಾಡುವ ಡೈಮ್ಲರ್-ಬೆಂಜ್ ಕೈಗೆ ಕೊಡುವುದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಚಿಲ್ಲರೆ ಷೇರು ಇಟ್ಟುಕೊಂಡಿದ್ದವರು, ಡೀಲರುಗಳು ಎದ್ದು ನಿಂತು ಗಲಾಟೆ ಮಾಡಿ ಸಭೆಯನ್ನೇ ಮುಂದಕ್ಕೆ ಹಾಕಿಸಿದರು. ಆಮೇಲೆ ಹೆರ್ಬೆರ್ಟ್ ಕ್ವಾಂಟ್ ಅನ್ನುವ ಉದ್ಯಮಿ ತನ್ನ ದುಡ್ಡು ಸುರಿದ. 1961ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ 1500 ಮಾಡೆಲ್ ಬಂತು, ಕಂಪನಿ ಬದುಕಿತು. ಅಜ್ಜ ಇದನ್ನು ತಮ್ಮ ಮನೆ ಜಪ್ತಿಯಾಗುವುದು ತಪ್ಪಿದ ಹಾಗೆ ಹೇಳುತ್ತಿದ್ದರು. ಬಿಎಂಡಬ್ಲ್ಯು ಜಿ 310 ಬೈಕುಗಳು ತಯಾರಾದದ್ದು ನಮ್ಮ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ ಅಂತ ನಾನು ಹೇಳಿದಾಗ, ನಕ್ಷೆ ತಂದು ಊರು ತೋರಿಸು ಅಂದರು.

ಈಗ ನನ್ನ ತಪ್ಪು. ಉದ್ದ ಆಗುತ್ತದೆ, ಆಗಲಿ. ನಿಮಗೆ ಬೇಕಾಗಿರುವುದು ಇದೇ.

ಜುಲೈನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ಬಣ್ಣದ ದ್ರವ, ಕಡಿಮೆ ಅನ್ನುವ ದೀಪ ಹತ್ತಿತು. ಬಾನೆಟ್ ಎತ್ತಿ, ಅಡುಗೆಮನೆ ನಲ್ಲಿಯಿಂದ ಒಂದು ಬಾಟಲಿ ನೀರು ತಂದು ಹಾಕಿದೆ. ದೀಪ ಆರಿತು. ಎರಡು ವಾರಕ್ಕೆ ಮತ್ತೆ ಹತ್ತಿತು, ಮತ್ತೆ ನೀರು. ಹೀಗೆ ಮೂರು ಸಲ. ಆ ನೀರೆಲ್ಲ ಎಲ್ಲಿಗೆ ಹೋಗುತ್ತಿದೆ ಅಂತ ಒಂದು ಸಲವೂ ಯೋಚಿಸಲಿಲ್ಲ. ನಾನು ಬೆಳೆದದ್ದು ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿ. ಬೆಳಿಗ್ಗೆ ಎದ್ದು ರೇಡಿಯೇಟರಿಗೆ ನೀರು ಹಾಕುವುದು ನಮಗೆ ಬಾಗಿಲಿಗೆ ನೀರು ಹಾಕಿದಷ್ಟೇ ಮಾಮೂಲು. ಈ ಕಾರಿನದು ಹಾಗಲ್ಲ. ಪೂರ್ತಿ ಮುಚ್ಚಿದ, ಒತ್ತಡದಲ್ಲಿ ನಡೆಯುವ ವ್ಯವಸ್ಥೆ. ಅದರಲ್ಲಿ ಮಟ್ಟ ಇಳಿಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ನನ್ನದರಲ್ಲಿ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹನ್ನೊಂದು ವರ್ಷ ಕಾದು, ತಣಿದು, ಕಾದು ಹಳತಾದ ಪ್ಲಾಸ್ಟಿಕ್. ಅಷ್ಟರೊಳಗೆ ಬದಲಿಸಬೇಕಾದ ಸಾಮಾನು ಅದು. ಟ್ಯಾಂಕು, ಹೋಸು, ಥರ್ಮೋಸ್ಟಾಟು, ವಾಟರ್ ಪಂಪು ಎಲ್ಲ ಸೇರಿ ಏಳೆಂಟು ನೂರು ಯೂರೋದಲ್ಲಿ ಮುಗಿಯುತ್ತಿತ್ತು.

ಆದರೆ ಗಾಡಿ ಸತ್ತದ್ದು ಅದರಿಂದಲೂ ಅಲ್ಲ.

ಆಗಸ್ಟ್‌ನ ಒಂದು ಭಾನುವಾರ ಕೀಮ್‌ಸೀ ಸರೋವರಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಎ8 ಹೈವೇ. ನೀವಿನ್ನೂ ಆ ಕಡೆ ಹೋಗಿಲ್ಲದಿದ್ದರೆ ಹೇಳುತ್ತೇನೆ: ರೋಸೆನ್‌ಹೈಮ್ ದಾಟಿ ಮ್ಯೂನಿಕ್ ಕಡೆ ಬರುವಾಗ ಇರ್ಷೆನ್‌ಬೆರ್ಗ್ ಅನ್ನುವ ಏರು ಸಿಗುತ್ತದೆ. ರಜೆ ಮುಗಿಸಿ ಬರುವವರೆಲ್ಲ ಅಲ್ಲೇ ಜಾಮ್ ಆಗುತ್ತಾರೆ. ಬಿಸಿಲು, ಎಸಿ ಆನ್, ಮೊದಲ ಗೇರಿನಲ್ಲಿ ತೆವಳುತ್ತಿದ್ದೇವೆ. ಬಾಡ್ ಐಬ್ಲಿಂಗ್ ಎಕ್ಸಿಟ್‌ನ ಬೋರ್ಡ್ ಕಂಡಾಗ ಹೆಂಡತಿ ಕೇಳಿದಳು, "ಅದೇನ್ರೀ, ಆ ಮುಳ್ಳು ಬಲಕ್ಕೆ ಹೋಯ್ತು?"

ಟೆಂಪರೇಚರ್ ಮುಳ್ಳು ಬೆರಳಿನ ಅರ್ಧ ಅಗಲದಷ್ಟು ಸರಿದಿತ್ತು. ಅಷ್ಟೇ ಅಲ್ವಾ ಅಂದುಕೊಂಡೆ. ಇ46ರ ಆ ಮುಳ್ಳು ಪ್ರತಿಯೊಂದು ಡಿಗ್ರಿಗೂ ಅಲುಗಾಡುವ ಹಾಗೆ ಮಾಡಿದ್ದಲ್ಲ, ಡ್ರೈವರ್ ಸುಮ್ನೆ ಗಾಬರಿ ಬೀಳದಿರಲಿ ಅಂತ. ಸುಮಾರು 75 ಡಿಗ್ರಿಯಿಂದ 115ರವರೆಗೂ ನಟ್ಟನಡುವೆ ಮಲಗಿರುತ್ತದೆ. ಹಾಗಾಗಿ ಅದು ಅರ್ಧ ಬೆರಳು ಸರಿದರೂ ಎಂಜಿನ್ ಆಗಲೇ ಕುದಿಯುತ್ತಿದೆ ಅಂತ. ಮುಳ್ಳು ಕದಲಿದ್ದು ಎಚ್ಚರಿಕೆಯ ಶುರು ಅಲ್ಲ, ಕೊನೆ. ಇದು ಇ46 ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಒಂದು ಸಂಜೆ ಕೂತು ಓದಿದ್ದರೆ ನನಗೂ ಗೊತ್ತಿರುತ್ತಿತ್ತು.

ಎಕ್ಸಿಟ್ ಬಲಗಡೆಗೇ ಇತ್ತು. ಇಳಿದು, ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಬೇಕಿತ್ತು. ಅಷ್ಟೇ ಕೆಲಸ. ನಾನು ಹೇಳಿದ್ದು, "ಏನಿಲ್ಲ ಬಿಡೇ, ಮೇಲೆ ಹತ್ತಿದರೆ ರೆಸ್ಟೋರೆಂಟ್ ಇದೆ, ಅಲ್ಲಿ ನಿಲ್ಲಿಸೋಣ." ಎಸಿ ಆಫ್ ಮಾಡಿದೆ, ದೊಡ್ಡ ಬುದ್ಧಿವಂತನ ಹಾಗೆ. ಇನ್ನೊಂದು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯಿತು. ಒಳಗೆಲ್ಲ ಸಿಹಿ ಸಿಹಿ ವಾಸನೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಅದು ಕೂಲೆಂಟ್ ವಾಸನೆ. ಆಗಲಾದರೂ ನಿಲ್ಲಿಸಬೇಕಲ್ವಾ? ಹಿಂದೆ ಸಾಲುಗಟ್ಟಿ ಕಾರುಗಳು, ಹಾರ್ನ್ ಮಾಡಿದರೆ ಮರ್ಯಾದೆ ಹೋಗುತ್ತದೆ ಅಂತ ನನಗೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏಳಲಿಲ್ಲ. ಕೊನೆಗೆ ಬಾನೆಟ್ ಅಂಚಿನಿಂದ ಹಬೆ ಏಳುವಾಗ ಹೇಗೋ ಮೇಲಿನ ಪಾರ್ಕಿಂಗ್ ಮುಟ್ಟಿಸಿದೆ. ಮುಟ್ಟಿಸಿದೆ ಅಂತ ಒಂದು ಕ್ಷಣ ಖುಷಿಯೂ ಆಯಿತು.

ಮರುದಿನ ಗ್ಯಾರೇಜಿನವನು ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಒಳಗೆ ಬೆಣ್ಣೆ ಕಡೆದ ಹಾಗೆ ಬೆಳ್ಳಗೆ, ನೀರು ಆಯಿಲ್ ಎರಡೂ ಸೇರಿದ್ದವು. ಹೆಡ್ಡು, ಅಂದರೆ ಎಂಜಿನ್ನಿನ ಮೇಲ್ಭಾಗ, ಅಲ್ಯೂಮಿನಿಯಂ, ಕಾದು ಬಾಗಿತ್ತು. ಬಾಗಿದ್ದನ್ನು ಉಜ್ಜಿಸಿ ಮಟ್ಟ ಮಾಡಿಸಬಹುದು. ಆದರೆ ಅದರ ಕೆಳಗಿನ ಬ್ಲಾಕೂ ಅಲ್ಯೂಮಿನಿಯಂ, ಹೆಡ್ ಬೋಲ್ಟುಗಳು ಕಚ್ಚಿಕೊಂಡಿದ್ದ ಥ್ರೆಡ್ಡುಗಳೇ ಕಿತ್ತುಬಂದಿದ್ದವು. ರಿಪೇರಿಗೆ 3,200 ಯೂರೋ ಅಂದ. ಬಿಡಿಭಾಗಕ್ಕೆ ಅಂತ 700ಕ್ಕೆ ಮಾರಿದೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಎಲ್ಲಿ ನಿಲ್ಲಿಸಿದೆ?" ಮೇಲೆ ಹತ್ತಿದ ಮೇಲೆ ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಧರ್ಮಸ್ಥಳದಿಂದ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಪದ್ಮಿನಿ ಎರಡು ಸಲವಾದರೂ ಕುದಿಯುತ್ತಿತ್ತು. ವಾಸನೆ ಬಂದ ತಕ್ಷಣ ಅಪ್ಪ ಎಲ್ಲಿದ್ದರೆ ಅಲ್ಲೇ ಪಕ್ಕಕ್ಕೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಅರ್ಧ ಗಂಟೆ ಬೀಡಿ ಸೇದುತ್ತಾ ಕೂರುತ್ತಿದ್ದರು. ನಾವು ಮಂಗಗಳಿಗೆ ಕಡಲೆಕಾಯಿ ಎಸೆಯುತ್ತಿದ್ದೆವು. ತಣ್ಣಗಾದ ಮೇಲೆ ಒದ್ದೆ ಗೋಣಿಚೀಲ ಹಾಕಿ ಮುಚ್ಚಳ ತಿರುಗಿಸಿ, ನೀರು ಹಾಕಿ ಹೊರಡುವುದು. ಇನ್ನೇನು ಕೊಟ್ಟಿಗೆಹಾರ ಬಂತು, ನೀರುದೋಸೆ ತಿನ್ನುತ್ತಾ ನಿಲ್ಲಿಸೋಣ ಅಂತ ಅವರು ಒಂದು ದಿನವೂ ಅನ್ನಲಿಲ್ಲ. ನೀರು ಹಾಕುವುದನ್ನು ಅವರಿಂದ ಕಲಿತೆ, ನಿಲ್ಲಿಸುವುದನ್ನು ಕಲಿಯಲಿಲ್ಲ.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಬಂದರೆ, ಹಳೆ ಬಿಎಂಡಬ್ಲ್ಯುನಾ ಹೊಸ ಚಿಕ್ಕ ಕಾರಾ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಬಂದು ಏಳು ತಿಂಗಳು ಅಂದಿರಿ. ನಮ್ಮ ಇಂಡಿಯಾ ಲೈಸೆನ್ಸ್ ಇಲ್ಲಿ ನಡೆಯುವುದು ಆರೇ ತಿಂಗಳು. ಆಮೇಲೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಪಾಸಾಗಿ ಇಲ್ಲಿನ ಲೈಸೆನ್ಸ್ ತಗೊಳ್ಳಬೇಕು. ಅದರ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಮೊದಲು ಅದು. ಇನ್ಶೂರೆನ್ಸ್‌ನಲ್ಲೂ ಹೊಸಬರು ಕೆಳಗಿನ ಮೆಟ್ಟಿಲಿನಿಂದಲೇ ಶುರು, ಕ್ಲೇಮ್ ಇಲ್ಲದೆ ವರ್ಷ ಕಳೆದ ಹಾಗೆ ಪ್ರೀಮಿಯಂ ಇಳಿಯುತ್ತದೆ. ಆ ಲೆಕ್ಕ ಕಾರಿನ ಬೆಲೆಗೆ ಮುಂಚೆ ಕೇಳಿ. ಊರೊಳಗೆ ಓಡಾಡಲು ಮೆಟ್ರೋ ಇದೆ. ಬೀದಿಯಲ್ಲಿ ನಿಂತಿರಲಿ ಅಂತ ಹೊಸ ಕಾರಿಗೆ ಕಂತು ಕಟ್ಟುವುದು ನನ್ನ ಪ್ರಕಾರ ದಂಡ.

ಊರಲ್ಲಿ ಹೇಳಿಕೊಳ್ಳಲು ಚೆನ್ನಾಗಿರುತ್ತದೆ ಅಂತ ಮನಸ್ಸಿನ ಮೂಲೆಯಲ್ಲಿದ್ದರೆ ಅದನ್ನೂ ಬಿಡಿ. ಈ ಊರಲ್ಲಿ ಬಿಎಂಡಬ್ಲ್ಯು ಅಂದರೆ ಟ್ಯಾಕ್ಸಿ, ಪೊಲೀಸ್ ಗಾಡಿ, ಪಕ್ಕದ ಮನೆಯವರ ಗಾಡಿ. ಯಾರೂ ತಿರುಗಿ ನೋಡುವುದಿಲ್ಲ.

ಓಡಿಸುವುದೇ ಇಷ್ಟ ಅಂದರೆ ಹಳೆಯದನ್ನೇ ತಗೊಳ್ಳಿ. ಆದರೆ ಐದು ಸಾವಿರ ಕೈಯಲ್ಲಿದ್ದರೆ 3,500ರ ಗಾಡಿ ನೋಡಿ, ಉಳಿದದ್ದು ಮೊದಲ ತಿಂಗಳಿನ ಕೆಲಸಕ್ಕೆ. ಡೀಸೆಲ್ ಬೇಡ, ಮ್ಯೂನಿಕ್ ಒಳಗೆ ಹಳೆ ಡೀಸೆಲ್‌ಗಳಿಗೆ 2023ರಲ್ಲೇ ನಿರ್ಬಂಧ ಬಂದಿದೆ. ನಾನು 2017ರಲ್ಲಿ ಇನ್ನೊಂದು ಆರು ಸಿಲಿಂಡರಿನದನ್ನೇ ತಗೊಂಡೆ, ಇನ್ನೂ ಇದೆ. ಸೋರುತ್ತಿರಲಿಲ್ಲ, ಆದರೂ ಮೊದಲ ವಾರವೇ ಕೂಲೆಂಟ್ ಟ್ಯಾಂಕಿನಿಂದ ವಾಟರ್ ಪಂಪಿನವರೆಗೆ ಎಲ್ಲ ಹೊಸದು ಹಾಕಿಸಿದೆ.

ನೋಡಲು ಹೋಗುವಾಗ ಬೆಳಿಗ್ಗೆ ಹೋಗಿ, ಗಾಡಿ ಸ್ಟಾರ್ಟ್ ಮಾಡಿರಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ತಣ್ಣಗಿದ್ದರೆ ಕೂಲೆಂಟ್ ಮುಚ್ಚಳ ತೆಗೆದು ಬಣ್ಣ ನೋಡಿ. ಬರೀ ನೀರಿನ ಹಾಗೆ ತಿಳಿಯಾಗಿದ್ದರೆ, ನಿಮಗಿಂತ ಮುಂಚೆ ನನ್ನಂಥವನೊಬ್ಬ ಅದನ್ನು ಇಟ್ಟುಕೊಂಡಿದ್ದ ಅಂತ ತಿಳಿಯಿರಿ.