ಎಂಟು-ಹತ್ತು ನಟರಿಂದ ‘ತುಘಲಕ್’ ಸಾಧ್ಯವೇ?

ಪ್ರಶ್ನೆ: ನಮ್ಮ ಕಾಲೇಜು ತಂಡದಲ್ಲಿ ಇರುವವರು ಹತ್ತೇ ಜನ. ಕಾರ್ನಾಡರ ‘ತುಘಲಕ್’ ಆಡಬಹುದೇ? ಅವಧಿ ಕಡಿಮೆ ಮಾಡಲು ಅಗಸ ಅಜೀಜ್ ಮತ್ತು ಆಜಂ ಬರುವ ಭಾಗ ತೆಗೆದರೆ?

ಉತ್ತರ: ಆಡಬಹುದು, ಆದರೆ ಅಜೀಜನನ್ನು ಮುಟ್ಟಬೇಡಿ. 1964ರ ಈ ನಾಟಕದ 13 ದೃಶ್ಯಗಳು ಪಾರ್ಸಿ ರಂಗಭೂಮಿಯ ಕ್ರಮದಲ್ಲಿವೆ: ಪರದೆಯ ಮುಂದೆ ಬೀದಿ, ಹಿಂದೆ ದರ್ಬಾರು. ಹಾಸ್ಯಕ್ಕೆಂದು ಬಂದ ಅಗಸ ಕೊನೆಗೆ ಸುಲ್ತಾನನ ಎದುರೇ ನಿಲ್ಲುತ್ತಾನೆ. ಅವನನ್ನು ಕತ್ತರಿಸಿದರೆ ಕೊನೆಯ ದೃಶ್ಯಕ್ಕೆ ಬುಡವೇ ಇರುವುದಿಲ್ಲ. ಉದ್ದದ ಭಾಷಣಗಳಿಂದ ನಾಲ್ಕಾರು ಸಾಲು ಇಳಿಸಿ, ಸಾಕು.

ಆರನೇ ದೃಶ್ಯದಲ್ಲಿ ಸಾಯುವ, ಸುಲ್ತಾನನ ವಿರುದ್ಧ ಸಂಚಿನಲ್ಲಿ ಸೇರಿದ ಶಿಹಾಬುದ್ದೀನನ ನಟ, ಎಂಟರಲ್ಲಿ ದೌಲತಾಬಾದ್ ಕೋಟೆಯ ಎಳೆಯ ಕಾವಲುಗಾರನಾಗಲಿ. ಸುಲ್ತಾನನನ್ನು ಟೀಕಿಸುವ ಧರ್ಮಗುರು ಇಮಾಮುದ್ದೀನನಾದವನು ಮುಂದೆ ಖಲೀಫರ ವಂಶದ ಘಿಯಾಸುದ್ದೀನನಾಗಬಹುದು. ಆದರೆ ಇಮಾಮುದ್ದೀನ ಸುಲ್ತಾನನನ್ನೇ ಹೋಲಬೇಕು. ಎತ್ತರ, ಗಡ್ಡ ಹೊಂದುವವನನ್ನೇ ಆರಿಸಿ. ಇಲ್ಲದಿದ್ದರೆ ಅವನನ್ನು ಸುಲ್ತಾನನ ಉಡುಪಿನಲ್ಲಿ ಶತ್ರುವಿನ ಎದುರು ಕಳಿಸುವ ಮೂರನೇ ದೃಶ್ಯದ ಒಳಸಂಚು ಪ್ರೇಕ್ಷಕರಿಗೆ ತಲುಪುವುದಿಲ್ಲ.

ಹೆಚ್ಚು ತಂಡಗಳು ಎಡವುವುದು ನಮಾಜಿನ ವೇಳೆ ಸುಲ್ತಾನನನ್ನು ಕೊಲ್ಲಲು ಯತ್ನಿಸುವ ಆರನೇ ದೃಶ್ಯದಲ್ಲಿ: ಅವಸರದ ಹೊಡೆದಾಟ. ಮೌನವೇ ಅಲ್ಲಿನ ಭಯ. ಅಂದಹಾಗೆ, ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಮೊದಲೇ ಪಡೆಯಿರಿ.