ಜಪಾನಿನ ಸಾಂಪ್ರದಾಯಿಕ ಹಾಡು ಕಲಿಯುವ ಆಸೆ. ನಲವತ್ತರ ಹತ್ತಿರ ಬಂದಿದ್ದೇನೆ, ದನಿ ಸಾಧಾರಣ. ಎಲ್ಲಿಂದ ಶುರು ಮಾಡಲಿ?

ಕೆಲಸಕ್ಕೆಂದು ಟೋಕಿಯೋಗೆ ಬಂದಿದ್ದೀರಿ, ಚಿಕ್ಕಂದಿನಲ್ಲಿ ಒಂದಷ್ಟು ಕರ್ನಾಟಕ ಸಂಗೀತ ಕಲಿತು ಬಿಟ್ಟಿದ್ದೀರಿ, ಈಗ ದನಿ ಸಾಲದು ಅನ್ನೋ ಅಳುಕಿದೆ ಎಂದು ಬರೆದಿದ್ದೀರಿ. ಉತಾಯಿ ಕಲಿಯಿರಿ ಅನ್ನುವುದು ನನ್ನ ಸಲಹೆ. ಜಪಾನಿನ ಹಳೆಯ ಮುಖವಾಡದ ನಾಟಕವಾದ ನೋದ ಹಾಡುಗಾರಿಕೆಯನ್ನು ಹಾಗೆ ಕರೆಯುತ್ತಾರೆ. ಕೆಲಸ ಮುಗಿಸಿಕೊಂಡು ಹೋಗಿ ನಾನೂ ಅದನ್ನೇ ಕಲಿಯುತ್ತಿದ್ದೇನೆ, ಅದರ ಮೇಲೆ ನನಗೆ ತುಂಬಾ ಪ್ರೀತಿ.

ಈ ಕಲೆಯಲ್ಲಿ ಹವ್ಯಾಸಿಗಳಿಗೆ ಮೊದಲಿನಿಂದಲೂ ಮರ್ಯಾದೆಯ ಜಾಗ ಇದೆ. ಇಡೀ ಜಪಾನನ್ನು ಕೈಗೆ ತೆಗೆದುಕೊಂಡ ತೊಯೊತೊಮಿ ಹಿದೆಯೋಶಿ ಐವತ್ತು ದಾಟಿದ ಮೇಲೆ ನೋ ಹುಚ್ಚು ಹಿಡಿಸಿಕೊಂಡು ಕಲಿತ. 1593ರಲ್ಲಿ ಕ್ಯೋಟೋದ ಅರಮನೆಯಲ್ಲಿ ಚಕ್ರವರ್ತಿಯ ಎದುರು ತಾನೇ ವೇಷ ಕಟ್ಟಿ ಆಡಿದ. ಆಮೇಲೆ ಎದೋ ಕಾಲದಲ್ಲಿ (1603–1868) ಹಾಡಿನ ಪುಸ್ತಕಗಳು ಅಚ್ಚಾಗಿ, ಪೇಟೆಯ ವ್ಯಾಪಾರಿಗಳೂ ಕೂತು ಹಾಡತೊಡಗಿದರು. ತಕಾಸಾಗೋ ಎಂಬ ನಾಟಕದ ತುಣುಕನ್ನು ಮದುವೆಮನೆಯಲ್ಲಿ ಹಾಡುವುದು ಎಷ್ಟೋ ಮನೆಗಳಲ್ಲಿ ವಾಡಿಕೆಯಾಗಿತ್ತು. ಇವತ್ತಿಗೂ ನೋ ಕಲಾವಿದರ ಸಂಸಾರ ನಡೆಯುವುದರಲ್ಲಿ ನಮ್ಮಂಥ ಶಿಷ್ಯರು ಕೊಡುವ ಫೀಸಿನ ಪಾಲು ದೊಡ್ಡದು. ಹಾಗಾಗಿ 'ಈ ವಯಸ್ಸಲ್ಲಿ ಯಾಕೆ ಬಂದ್ರಿ' ಅಂತ ಯಾರೂ ಕೇಳುವುದಿಲ್ಲ.

ಇನ್ನು ದನಿಯ ವಿಷಯ. ಉತಾಯಿಗೆ ತಂಬೂರಿ ಇಲ್ಲ, ಕಟ್ಟಿಟ್ಟ ಶ್ರುತಿ ಇಲ್ಲ. ನಿಮ್ಮ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿಂದ ಎತ್ತಿಕೊಳ್ಳಬಹುದು. ಗುಂಪಿನಲ್ಲಿ ಹಾಡುವಾಗ ಒಬ್ಬರು ಮುಂದಾಳು ಇರುತ್ತಾರೆ, ಉಳಿದವರು ಅವರ ದನಿಗೆ ಸೇರಿಕೊಳ್ಳುತ್ತಾರೆ. ಹಾಡುವ ಬಗೆ ಎರಡು. ಯೊವಾಗಿನ್ ಅನ್ನುವುದರಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಮುಖ್ಯ ನೆಲೆ. ಕೆಳಗಿನದನ್ನು ಷಡ್ಜ ಅಂದುಕೊಂಡರೆ ನಡುವಿನದು ಸುಮಾರಾಗಿ ಶುದ್ಧ ಮಧ್ಯಮ, ಅಲ್ಲಿಂದ ಇನ್ನೊಂದು ಅಷ್ಟೇ ದೂರಕ್ಕೆ ಮೇಲಿನದು. ಸ್ವರಜ್ಞಾನ ಇದ್ದವರಿಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ. ಎರಡನೆಯದು ತ್ಸುಯೊಗಿನ್. ಇಲ್ಲಿ ಸ್ವರದ ನೆಲೆಗಳು ಒಂದರಲ್ಲೊಂದು ಕಲಸಿಹೋಗಿ, ಹೊಟ್ಟೆಯಿಂದ ಬರುವ ಉಸಿರಿನ ಒತ್ತಡ, ದನಿಯ ನಡುಕ ಇವೇ ಮುಖ್ಯವಾಗುತ್ತವೆ. ಯುದ್ಧ, ದೇವರು, ಮಂಗಳದ ಸನ್ನಿವೇಶಗಳಿಗೆ ಜಾಸ್ತಿ ಇದೇ. ಇಂಪಾದ ಕಂಠ ಇಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಎದೆ ತುಂಬಿ, ನಾಚಿಕೆ ಬಿಟ್ಟು, ಜೋರಾಗಿ ಹಾಡಿದರೆ ಗುರುಗಳಿಗೆ ಸಂತೋಷ. ಹೆಂಗಸರೂ ತಮ್ಮ ಗಟ್ಟಿ ತಗ್ಗುದನಿಯಲ್ಲೇ ಹಾಡುತ್ತಾರೆ.

ಪಾಠ ಹೇಗಿರುತ್ತದೆ ಅಂದರೆ, ನೀವು ಮೊಣಕಾಲು ಮಡಚಿ ಗುರುಗಳ ಎದುರು ಕೂರುತ್ತೀರಿ. ಮಡಿಸಿದ ಬೀಸಣಿಗೆಯನ್ನು ಮುಂದೆ ಅಡ್ಡ ಇಟ್ಟು ನಮಸ್ಕಾರ. ಅವರು ಒಂದು ಸಾಲು ಹಾಡುತ್ತಾರೆ, ನೀವು ಅದನ್ನೇ ತಿರುಗಿ ಹಾಡುತ್ತೀರಿ. ನಮ್ಮಲ್ಲಿ ಗುರುಮುಖೇನ ಕಲಿಯುವ ಹಾಗೇ. ಪುಸ್ತಕದಲ್ಲಿ ಅಕ್ಷರಗಳು ಮೇಲಿಂದ ಕೆಳಕ್ಕೆ, ಸಾಲುಗಳು ಬಲದಿಂದ ಎಡಕ್ಕೆ. ಪ್ರತಿ ಅಕ್ಷರದ ಪಕ್ಕ ಎಳ್ಳಿನ ಕಾಳಿನಷ್ಟು ಒಂದು ಚುಕ್ಕೆ. ಅದನ್ನು ಅಲ್ಲಿಯೂ ಎಳ್ಳು ಅಂತಲೇ ಕರೆಯುತ್ತಾರೆ. ಎಳ್ಳು ಯಾವ ಕಡೆ ವಾಲಿದೆ ಅನ್ನುವುದರ ಮೇಲೆ ದನಿ ಏರಬೇಕೋ, ಇಳಿಯಬೇಕೋ, ನೇರ ಹೋಗಬೇಕೋ ಗೊತ್ತಾಗುತ್ತದೆ. ಆದರೆ ಎಷ್ಟು ಏರಬೇಕು, ಎಲ್ಲಿ ತಡೆಯಬೇಕು ಅನ್ನುವುದು ಗುರುಗಳ ಬಾಯಲ್ಲೇ ಇರೋದು. ಯೂಟ್ಯೂಬ್ ನೋಡಿ ಕಲಿಯಬಹುದಾ ಅಂತ ಕೇಳಿದ್ದೀರಲ್ಲ, ಇದೇ ಕಾರಣಕ್ಕೆ ಬೇಡ ಅನ್ನುತ್ತೇನೆ. ಕೇಳಿ ಕಿವಿ ತುಂಬಿಸಿಕೊಳ್ಳಲು ಅದು ಒಳ್ಳೆಯದೇ.

ಭಾಷೆಗೆ ಹೆದರಬೇಡಿ. ಹಳೆಯ ಜಪಾನಿ ಅದು, ಅಲ್ಲಿನವರಿಗೇ ಅರ್ಧ ಅರ್ಥವಾಗುವುದಿಲ್ಲ. ನಾನು ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ, ತುಂಬಾ ಅನುಕೂಲವಾಯಿತು. ಜಪಾನಿನ ಉಚ್ಚಾರಣೆಯ ಲಿಪಿಯಾದ ಕಾನಾದ ಒಂದು ಅಕ್ಷರಕ್ಕೆ ನಮ್ಮ ಒಂದು ಅಕ್ಷರ ಸರಿಯಾಗಿ ಕೂರುತ್ತದೆ. ಅವರ ಅಕ್ಷರಮಾಲೆಯ ಕ್ರಮದ ಹಿಂದೆ, ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯೇ ಇದೆ.

ಕಷ್ಟ ಇರುವುದು ತಾಳದಲ್ಲಿ. ಉತಾಯಿಯ ತಾಳಕ್ಕೆ ಎಂಟು ಎಣಿಕೆ ಅಂದ ತಕ್ಷಣ ಆದಿತಾಳ ನೆನಪಾಗಿ ಧೈರ್ಯ ಬರುತ್ತದೆ ಅಲ್ವಾ? ಆದರೆ ಅಲ್ಲಿ ಸಾಮಾನ್ಯವಾಗಿ 7 ಮತ್ತು 5, ಒಟ್ಟು 12 ಅಕ್ಷರಗಳನ್ನು ಆ 8 ಎಣಿಕೆಯೊಳಗೆ ಹಂಚಬೇಕು. ಕೆಲವು ಅಕ್ಷರ ಎಳೆಯಬೇಕು, ಕೆಲವನ್ನು ಒತ್ತಿ ಮುಂದೆ ಸಾಗಬೇಕು. ಮೇಲಾಗಿ ಎಣಿಕೆಗಳೇ ಹಿಗ್ಗುತ್ತವೆ, ಕುಗ್ಗುತ್ತವೆ. ಮದ್ದಳೆಯವರು 'ಯೋ', 'ಹೋ' ಎಂದು ಕೂಗಿದ ಮೇಲೆ ಪೆಟ್ಟು ಯಾವಾಗ ಬೀಳುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕಾಯಬೇಕು. ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವನ್ನು ಮೊದಲ ದಿನವೇ ಬಿಟ್ಟುಬಿಡಿ. ಗಮಕವೂ ಅಷ್ಟೇ. ನಮ್ಮ ದನಿ ತಾನಾಗಿ ಓಲಾಡುತ್ತದೆ, ಇಲ್ಲಿ ನೇರ ನಿಲ್ಲುವುದನ್ನು ಕಲಿಯಬೇಕು.

ನೋದ ಮುಖ್ಯ ಪಾತ್ರದವರಲ್ಲಿ ಐದು ಮನೆತನಗಳಿವೆ: ಕನ್ಜೆ, ಹೋಶೋ, ಕೊಂಪರು, ಕೊಂಗೋ, ಕಿತಾ. ಕನ್ಜೆ ಎಲ್ಲಕ್ಕಿಂತ ದೊಡ್ಡದು, ಗುರುಗಳು ಸಿಗುವುದೂ ಸುಲಭ. ಪುಸ್ತಕ, ಪಾಠ ಒಂದೊಂದು ಮನೆತನಕ್ಕೂ ಬೇರೆ. ಒಬ್ಬರ ಹತ್ತಿರ ಸೇರಿದ ಮೇಲೆ ಸುಮ್ನೆ ಇನ್ನೊಬ್ಬರ ಹತ್ತಿರ ಹೋಗುವುದು ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ಮೊದಲು ಟೋಕಿಯೋದಲ್ಲೇ ಇರುವ ಸೆಂದಗಾಯಾದ ರಾಷ್ಟ್ರೀಯ ನೋ ರಂಗಮಂದಿರದಲ್ಲಿ, ಸುಯಿದೋಬಾಶಿಯ ಹೋಶೋ ರಂಗಮಂದಿರದಲ್ಲಿ ಕೆಲವು ಆಟ ನೋಡಿ. ಯಾವ ದನಿ ನಿಮ್ಮನ್ನು ಹಿಡಿದು ಕೂರಿಸುತ್ತದೋ ಆ ಮನೆತನದ ಗುರುಗಳನ್ನು ಹುಡುಕಿ. ಪ್ರಸಾರ ಸಂಸ್ಥೆ ಎನ್‌ಎಚ್‌ಕೆ, ಅಸಾಹಿ ಪತ್ರಿಕೆಯವರ ಕಲ್ಚರ್ ಸೆಂಟರ್‌ಗಳಲ್ಲೂ ಆಗಾಗ ತರಗತಿ ಇರುತ್ತವೆ.

ಇದೆಲ್ಲ ಗಂಭೀರವಾಯಿತು, ಬಾಯಿತುಂಬ ಹಾಡಿ ಹಗುರಾಗಬೇಕು ಅನ್ನಿಸಿದರೆ ಮಿನ್‌ಯೋ, ಅಂದರೆ ಜನಪದ ಗೀತೆ, ನೋಡಿ. ಅದರಲ್ಲಿ ಎಷ್ಟೋ ಹಾಡುಗಳ ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದವೇ. ಶ್ರುತಿಗೂ ಸಂಖ್ಯೆ ಇದೆ. ಅವರ 4 ಹೊನ್ ಅಂದರೆ ನಮ್ಮ ಹಾರ್ಮೋನಿಯಂನ ಬಿಳಿ ಒಂದು. ನಿಮ್ಮ ದನಿ ನೋಡಿ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯವನ್ನು ಶ್ರುತಿ ಮಾಡುತ್ತಾರೆ.

ಸೇರುವ ಮೊದಲು ತಿಂಗಳ ಫೀಸಿನ ಜೊತೆಗೆ ವರ್ಷದ ಕಾರ್ಯಕ್ರಮದ ಖರ್ಚು ಎಷ್ಟು ಅಂತಲೂ ಕೇಳಿಬಿಡಿ. ಅದು ಬೇರೆ, ಕೆಲವು ಕಡೆ ಜಾಸ್ತಿಯೇ ಆಗುತ್ತದೆ. ಮೊಣಕಾಲು ನೋವಿದ್ದರೆ ಮುಚ್ಚಿಡಬೇಡಿ, ಕೂರಲು ಪುಟ್ಟ ಸ್ಟೂಲ್ ಕೊಡುತ್ತಾರೆ. ಪಾಠ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿ. ಪೆನ್ಸಿಲ್ ಇರಲಿ, ಒಂದು ಜೊತೆ ಬಿಳಿ ಸಾಕ್ಸೂ ಇರಲಿ. ಪಾಠ ನೋ ರಂಗದ ಮೇಲೆ ನಡೆಯುವುದಾದರೆ ಬಿಳಿ ಕಾಲುಚೀಲ ಇಲ್ಲದೆ ಹತ್ತುವ ಹಾಗಿಲ್ಲ.